ನಮ್ಮಂಥ ಸಾದಾ ಉಪಾಸಕರು ಬೇರೆಯವರಿಗೆ ಧಮ್ಮ ಹೇಳಬಹುದಾ? (ಮಾರಿಹಬ್ಬದಲ್ಲಿ ಬೈಸಿಕೊಂಡು ಬಂದೆ)

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಬುದ್ಧ ಪೂರ್ಣಿಮೆ ದಿನ ತ್ರಿಸರಣ (ಬುದ್ಧ, ಅವನ ಬೋಧನೆಯಾದ ಧಮ್ಮ, ಸಂಘ ಈ ಮೂರಕ್ಕೆ ಶರಣಾಗುವುದು), ಪಂಚಶೀಲ (ಕೊಲ್ಲದಿರುವುದೇ ಮೊದಲಾದ ಐದು ನಿಯಮ) ತೆಗೆದುಕೊಂಡವನು ನಾನು. ಹೆಂಡತಿ, ಮಕ್ಕಳು, ಬೈಕಿನ ಕಂತು ಎಲ್ಲ ಇರುವ ಉಪಾಸಕ, ಅಂದರೆ ಬುದ್ಧನ ದಾರಿ ಹಿಡಿದ ಗೃಹಸ್ಥ. ಪಾಳಿ ಓದಿದವನಲ್ಲ. ಬೆಳಿಗ್ಗೆ ಅರ್ಧ ಗಂಟೆ ಧ್ಯಾನಕ್ಕೆ ಕೂರುತ್ತೇನೆ, ಸಿಕ್ಕಿದ್ದನ್ನು ಓದುತ್ತೇನೆ, ಅಷ್ಟೇ.

ಹೋದ ತಿಂಗಳು ಊರಲ್ಲಿ ಮಾರಿಹಬ್ಬ. ನಮ್ಮ ಊರು ಹೊಳೆನರಸೀಪುರದ ಕಡೆ. ಅಣ್ಣನ ಮನೆಯಲ್ಲಿ ಮರಿ ಕಡಿದಿದ್ದರು, ನೆಂಟರೆಲ್ಲ ಸೇರಿ ಐವತ್ತು ಜನ ಆಗಿದ್ದರು. ಬಾಡು ಬಡಿಸಲು ಬಂದಾಗ ಬೇಡ ಎಂದೆ. ಯಾಕೆ ಎಂದರು ಮಾವ. ನನಗೆ ಅಷ್ಟು ಸಾಕಾಯಿತು. ಪ್ರಾಣಿಹತ್ಯೆಯಿಂದ ಶುರು ಮಾಡಿ, ಕರ್ಮ, ದುಃಖ, ತೃಷ್ಣೆ ಅಂತ ಎಲೆ ಮುಂದೆ ಕೂತು ಹತ್ತು ನಿಮಿಷ ಭಾಷಣ ಮಾಡಿದೆ. ಯಾರೂ ತಡೆಯಲಿಲ್ಲ. ಯಾರೂ ತುತ್ತೂ ಎತ್ತಲಿಲ್ಲ. ಮುದ್ದೆ ಆರಿಹೋಯಿತು. ಕೊನೆಗೆ ಅತ್ತಿಗೆ ಸೌಟು ಹಿಡಿದುಕೊಂಡೇ ಕೇಳಿದರು, "ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಖಾರ ರುಬ್ಬಿದೀನಿ ಕಣಪ್ಪ. ಉಣ್ಣೋರ ಬಾಯಿ ಕಟ್ಟು ಅಂತ ಹೇಳಿಕೊಟ್ಟಿದ್ದಾನಾ ನಿನ್ನ ಬುದ್ಧ?"

ಅಣ್ಣ ಆವತ್ತಿನಿಂದ ಫೋನ್ ಎತ್ತುತ್ತಿಲ್ಲ.

ಇದರ ಉಲ್ಟಾ ಇನ್ನೊಂದು ನಡೆಯಿತು. ನಮ್ಮ ಆಫೀಸಿನಲ್ಲಿ ಒಬ್ಬರು ಮೇಡಂ ಇದ್ದಾರೆ, ಮಳೆಗಾಲದಲ್ಲಿ ಗಂಡ ತೀರಿಕೊಂಡರು. ಮೊನ್ನೆ ಟೀ ಕುಡಿಯುವಾಗ, "ಮೊದಲೆಲ್ಲ ಸಣ್ಣದಕ್ಕೂ ರೇಗುತ್ತಿದ್ದಿರಿ, ಈಗ ಹೇಗೆ ಇಷ್ಟು ಸಮಾಧಾನವಾಗಿ ಇರುತ್ತೀರಿ?" ಎಂದು ಕೇಳಿದರು. ಹಬ್ಬದ ಪೆಟ್ಟು ಇನ್ನೂ ಹಸಿ ಇತ್ತಲ್ಲ, "ಏನಿಲ್ಲ ಮೇಡಂ, ದಿನಾ ವಾಕಿಂಗ್ ಮಾಡುತ್ತೇನೆ" ಅಂದುಬಿಟ್ಟೆ. ನಾನು ವಾಕಿಂಗ್ ಮಾಡುವುದಿಲ್ಲ. ಸುಳ್ಳು ಬೇರೆ ಹೇಳಿದ ಹಾಗಾಯಿತು.

ಈಗ ಪ್ರಶ್ನೆ. ಧಮ್ಮ ಹೇಳುವುದು ಭಂತೇಜಿಗಳ (ಭಿಕ್ಕುಗಳ, ಅಂದರೆ ಬೌದ್ಧ ಸನ್ಯಾಸಿಗಳ) ಕೆಲಸವಾ, ನಮ್ಮದೂ ಹೌದಾ? ಒಬ್ಬ ಸ್ನೇಹಿತ, ಅರ್ಧಂಬರ್ಧ ತಿಳಿದವನು ಬಾಯಿ ಬಿಡಬಾರದು ಅನ್ನುತ್ತಾನೆ. ಇನ್ನೊಬ್ಬ, ಎಲ್ಲ ದಾನಕ್ಕಿಂತ ಧಮ್ಮದಾನ ದೊಡ್ಡದು ಅಂತ ಧಮ್ಮಪದದಲ್ಲೇ ಇದೆ, ಹೇಳದಿದ್ದರೆ ಜಿಪುಣತನ ಅನ್ನುತ್ತಾನೆ. ನಿಮಗೆ ಏನನ್ನಿಸುತ್ತದೆ?

ಕಣದ_ಕಾಫಿ (ಮೂಡಿಗೆರೆ)

ನಿಮ್ಮ ಅತ್ತಿಗೆ ಕೇಳಿದ್ದು ಸರಿಯಾಗಿಯೇ ಇದೆ ಸರ್. ಬೇಜಾರು ಮಾಡಿಕೊಳ್ಳಬೇಡಿ.

ಭಿಕ್ಕುಗಳ ಕೆಲಸ ಮಾತ್ರ ಖಂಡಿತ ಅಲ್ಲ. ಶಿಷ್ಯರಲ್ಲಿ ಯಾರು ಯಾವುದರಲ್ಲಿ ಮುಂದು ಎಂದು ಬುದ್ಧ ಹೆಸರು ಹಿಡಿದು ಹೇಳುವ ಪಟ್ಟಿಯೊಂದು ಅಂಗುತ್ತರ ನಿಕಾಯ ಎಂಬ ಬುದ್ಧನ ಉಪದೇಶಗಳ ಸಂಗ್ರಹದಲ್ಲಿದೆ. ಧಮ್ಮ ಹೇಳುವ ಉಪಾಸಕರಲ್ಲಿ ಮೊದಲಿಗ ಎಂದು ಅಲ್ಲಿ ಬರುವುದು ಮಚ್ಛಿಕಾಸಂಡ ಎಂಬ ಊರಿನ ಚಿತ್ತ ಗೃಹಪತಿಯ ಹೆಸರು. ನಿಮ್ಮ ಹಾಗೇ ಸಂಸಾರಸ್ಥ. ಒಮ್ಮೆ ಅವನ ಊರಿನ ಮಾವಿನ ತೋಪಿನಲ್ಲಿ ಹಿರಿಯ ಭಿಕ್ಕುಗಳ ನಡುವೆ ಜಿಜ್ಞಾಸೆ ಬಂತು. ಬಂಧನ ಎನ್ನುವುದೂ ಬಂಧನಕ್ಕೆ ಕಾರಣವಾಗುವ ವಸ್ತುವೂ ಒಂದೇನಾ, ಬೇರೇನಾ ಅಂತ. ಚಿತ್ತ ಹೋಗಿ ಏನು ಹೇಳಿದ ಗೊತ್ತಾ? ಒಂದು ಕರಿ ಎತ್ತು, ಒಂದು ಬಿಳಿ ಎತ್ತನ್ನು ಜೊತೆಗೆ ಕಟ್ಟಿದ್ದಾರೆ ಅಂದುಕೊಳ್ಳಿ. ಕರಿ ಎತ್ತು ಬಿಳಿ ಎತ್ತನ್ನು ಕಟ್ಟಿಹಾಕಿದೆ ಎನ್ನಬಹುದಾ? ಇಲ್ಲ, ಕಟ್ಟಿರುವುದು ಹಗ್ಗ. ಹಾಗೇ ಕಣ್ಣೂ ಬಂಧನವಲ್ಲ, ಕಾಣುವ ರೂಪವೂ ಬಂಧನವಲ್ಲ, ಎರಡರ ನಡುವೆ ಹುಟ್ಟುವ ಆಸೆಯೇ ಬಂಧನ. ಭಿಕ್ಕುಗಳು ಒಪ್ಪಿದರು. ಎತ್ತು ಕಟ್ಟಿ ಗೊತ್ತಿರುವವನ ಮಾತು ಅದು, ಅಲ್ವಾ? ಪುಸ್ತಕದ್ದಲ್ಲ.

ಮರಿ ವಿಷಯಕ್ಕೆ ಬಂದರೆ, ನೀವು ಕೂಟದಂತ ಸುತ್ತ (ಸುತ್ತ ಅಂದರೆ ಬುದ್ಧನ ಒಂದು ಉಪದೇಶ) ಓದಬೇಕಿತ್ತು. ಕೂಟದಂತ ಎಂಬ ಬ್ರಾಹ್ಮಣ ದೊಡ್ಡ ಯಜ್ಞಕ್ಕೆ ಸಿದ್ಧ ಮಾಡಿಕೊಂಡಿದ್ದ. 700 ಹೋರಿ, 700 ಆಡು, 700 ಟಗರು ಹೀಗೆ ಕಂಬಕ್ಕೆ ತಂದಿದ್ದ. ಬುದ್ಧ ಅದೇ ಊರ ತೋಪಿನಲ್ಲೇ ಉಳಿದಿದ್ದ. ಆದರೂ ಯಜ್ಞದ ಚಪ್ಪರಕ್ಕೆ ನುಗ್ಗಿ ಭಾಷಣ ಮಾಡಲಿಲ್ಲ ಸರ್. ಕೂಟದಂತನೇ ಬಂದು, ಯಜ್ಞ ಮಾಡುವ ಸರಿಯಾದ ಕ್ರಮ ನಿಮಗೆ ಗೊತ್ತಂತೆ ಹೇಳಿ ಎಂದು ಕೇಳಿದ. ಆಗಲೂ ಬುದ್ಧ, ನೀನು ಪಾಪಿ ಅನ್ನಲಿಲ್ಲ. ಒಂದು ಕಥೆ ಹೇಳಿದ. ಹಿಂದೊಬ್ಬ ರಾಜ ಹೀಗೇ ಯಜ್ಞ ಮಾಡಲು ಹೊರಟಾಗ ಅವನ ಪುರೋಹಿತ, ಮೊದಲು ರೈತರಿಗೆ ಬಿತ್ತನೆ ಬೀಜ ಕೊಡಿ, ವ್ಯಾಪಾರಿಗಳಿಗೆ ಬಂಡವಾಳ ಕೊಡಿ, ಕೆಲಸದವರಿಗೆ ಸರಿಯಾದ ಸಂಬಳ ಕೊಡಿ ಎಂದನಂತೆ. ಕಳ್ಳತನ ನಿಂತಿತು, ಜನ ಬಾಗಿಲು ತೆಗೆದು ಮಲಗಿದರು. ಆಮೇಲೆ ನಡೆದ ಯಜ್ಞದಲ್ಲಿ ತುಪ್ಪ, ಮೊಸರು, ಜೇನು, ಬೆಲ್ಲ ಮಾತ್ರ, ಒಂದು ಪ್ರಾಣಿಯನ್ನೂ ಕೊಲ್ಲಲಿಲ್ಲ. ಕಥೆ ಕೇಳಿ ಕೂಟದಂತ ತಾನೇ ಎಲ್ಲವನ್ನೂ ಬಿಚ್ಚಿಸಿದ. ಹಸಿರು ಹುಲ್ಲು ತಿನ್ನಲಿ, ತಣ್ಣೀರು ಕುಡಿಯಲಿ, ತಂಗಾಳಿ ಬೀಸಲಿ ಎಂದ.

ನೀವು ಮಾತಾಡುವ ಹೊತ್ತಿಗೆ ಮರಿ ಸಾರಿನಲ್ಲಿತ್ತು. ಅದು ಉಳಿಯಲಿಲ್ಲ, ಅತ್ತಿಗೆಯೂ ಸಿಗಲಿಲ್ಲ.

ಇನ್ನೊಂದು. ಉದಾಯಿ ಎಂಬ ಭಿಕ್ಕು ದೊಡ್ಡ ಗುಂಪಿಗೆ ಧಮ್ಮ ಹೇಳುತ್ತಿದ್ದಾನೆ ಎಂದು ಆಪ್ತ ಶಿಷ್ಯ ಆನಂದ ಬಂದು ಹೇಳಿದಾಗ ಬುದ್ಧ, ಬೇರೆಯವರಿಗೆ ಧಮ್ಮ ಹೇಳುವುದು ಸುಲಭವಲ್ಲ ಆನಂದ ಎಂದ. ಕ್ರಮವಾಗಿ ಹೇಳಬೇಕು, ಕಾರಣ ತೋರಿಸಬೇಕು, ಕರುಣೆಯಿಂದ ಹೇಳಬೇಕು, ಏನೂ ಗಿಟ್ಟಿಸಲು ಹೇಳಬಾರದು, ತನಗಾಗಲಿ ಪರರಿಗಾಗಲಿ ನೋವಾಗದಂತೆ ಹೇಳಬೇಕು. ಊಟದ ಎಲೆ ಮುಂದೆ ಇವುಗಳಲ್ಲಿ ಎಷ್ಟು ಇದ್ದವು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ಭಿಕ್ಕುಗಳಿಗಂತೂ ಇನ್ನೂ ಬಿಗಿ. ಕಾಯಿಲೆಯವರನ್ನು ಬಿಟ್ಟು, ಕೈಯಲ್ಲಿ ಕೊಡೆ ಹಿಡಿದವರಿಗೆ ಧಮ್ಮ ಹೇಳಬಾರದು ಎಂಬ ನಿಯಮವೇ ಇದೆ. ನಮ್ಮ ಮೂಡಿಗೆರೆಯಲ್ಲಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಯಿ ಮುಚ್ಚಿಕೊಂಡೇ ಇರಬೇಕಾಗುತ್ತದೆ.

ಅರಸೀಕೆರೆ_ತೆಂಗು

ಜೈ ಭೀಮ್. ಮೇಲಿನ ಅಣ್ಣ ಬರೆದಿದ್ದು ಚೆನ್ನಾಗಿದೆ, ಆದರೆ 'ಕೇಳಿದರೆ ಮಾತ್ರ ಹೇಳು' ಅನ್ನುವ ಕಡೆ ವಾಲುತ್ತಿದೆ. ಅದಕ್ಕೆ ನನ್ನ ತಕರಾರಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಏನಾಯಿತು? ಬಾಬಾಸಾಹೇಬ್ ಅಂಬೇಡ್ಕರ್, ಅವರ ಪತ್ನಿ ಮಾಯಿಸಾಹೇಬರು ಚಂದ್ರಮಣಿ ಭಂತೇಜಿಯವರಿಂದ ತ್ರಿಸರಣ, ಪಂಚಶೀಲ ತೆಗೆದುಕೊಂಡರು. ಆಮೇಲೆ ಎದುರಿಗಿದ್ದ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟವರು ಯಾರು? ಬಾಬಾಸಾಹೇಬರೇ. 22 ಪ್ರತಿಜ್ಞೆ ಹೇಳಿಸಿದ್ದೂ ಅವರೇ. ಚೀವರ (ಭಿಕ್ಕುಗಳ ಬಟ್ಟೆ) ಇರಲಿಲ್ಲ, ಭಿಕ್ಕು ಆಗಿರಲಿಲ್ಲ. ಉಪಾಸಕ ಆಗಿ ಇನ್ನೂ ಒಂದು ದಿನವೂ ಕಳೆದಿರಲಿಲ್ಲ! ನಾನು ಇನ್ನೂ ಕಲಿಯುತ್ತಿದ್ದೇನೆ, ಯಾರಾದರೂ ಬಂದು ಕೇಳಲಿ ಎಂದು ಅವರು ಕೂತಿದ್ದರೆ ಏನಾಗುತ್ತಿತ್ತು? ಡಿಸೆಂಬರ್ 6ಕ್ಕೆ ಅವರೇ ಹೋಗಿಬಿಟ್ಟರು. ಎರಡು ತಿಂಗಳೂ ತುಂಬಿರಲಿಲ್ಲ.

ಕೇಳುವುದಕ್ಕೂ ಮೊದಲು ಅಂಥದ್ದೊಂದು ಇದೆ ಅಂತ ಗೊತ್ತಿರಬೇಕಲ್ಲ. ನಮ್ಮ ತಾತನ ಕಾಲದಲ್ಲಿ ಹಟ್ಟಿಯೊಳಗೆ ಬುದ್ಧನ ಹೆಸರು ಹೇಳುವವರು ಒಬ್ಬರೂ ಇರಲಿಲ್ಲ. ಹಾಗಾಗಿ ತಾತ ಕೇಳಲೂ ಇಲ್ಲ. ಅನಾಥಪಿಂಡಿಕನ ಕಥೆ ನೆನಪಿಸಿಕೊಳ್ಳಿ. ಬುದ್ಧನಿಗೆ ಜೇತವನ ವಿಹಾರ ಕೊಟ್ಟ ಸಾಹುಕಾರ. ಸಾಯುವ ಹೊತ್ತಿಗೆ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ಬಂದು ಗಾಢವಾದ ಉಪದೇಶ ಹೇಳಿದಾಗ ಅವನು ಅತ್ತ. ಇಷ್ಟು ವರ್ಷ ಬುದ್ಧನ ಹತ್ತಿರ ಇದ್ದೆ, ಇಂಥ ಮಾತು ಒಮ್ಮೆಯೂ ಕೇಳಿರಲಿಲ್ಲ ಎಂದ. ಬಿಳಿ ಬಟ್ಟೆಯ ಗೃಹಸ್ಥರಿಗೆ ಇಂಥದ್ದನ್ನು ಹೇಳುವ ರೂಢಿಯಿಲ್ಲ ಎಂದಾಗ, ಹಾಗಲ್ಲ, ದಯವಿಟ್ಟು ಅವರಿಗೂ ಹೇಳಿ, ಕೇಳಲು ಸಿಗದೆ ಹಾಳಾಗುವವರಿದ್ದಾರೆ, ತಿಳಿದುಕೊಳ್ಳಬಲ್ಲವರೂ ಇದ್ದಾರೆ ಎಂದು ಬೇಡಿಕೊಂಡ. ಅಷ್ಟು ದೊಡ್ಡ ದಾನಿಗೇ ಈ ಗತಿ. ಇನ್ನು ನಮ್ಮವರ ಪಾಡು?

ಅಶೋಕನೂ ಉಪಾಸಕನೇ. ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರಿಯ ಬಂಡೆ ಮೇಲೆ ಅವನ ಮಾತಿದೆ. ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು ನಾನು ಉಪಾಸಕನಾಗಿ, ಮೊದಲು ಅಷ್ಟೇನೂ ಶ್ರಮ ಪಡಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡು ಸುಮ್ಮನಾಗಲಿಲ್ಲ, ಕಲ್ಲಿನ ಮೇಲೆ ಕೊರೆಸಿದ. ಹಾಸನದ ಅಣ್ಣ, ನಿಮಗೂ ಎರಡು ವರ್ಷ ಆಯಿತು ಅಂದಿರಿ. ಹೆದರಬೇಡಿ. ಹೇಳಿ.

ಕಣದ_ಕಾಫಿ (ಮೂಡಿಗೆರೆ)

ತೆಂಗು ಅವರೇ, ಅಶೋಕನನ್ನು ತಂದಿರಲ್ಲ, ಅದೇ ಅಶೋಕನ 12ನೇ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ತನ್ನ ಪಂಥದ ಮೇಲಿನ ಅಭಿಮಾನದಿಂದ ಬೇರೆಯವರದ್ದನ್ನು ತೆಗಳುವವನು ತನ್ನ ಪಂಥಕ್ಕೇ ಜಾಸ್ತಿ ಕೇಡು ಮಾಡುತ್ತಾನೆ ಎಂಬುದು ಅದರ ತಿರುಳು. ಮಾತಿನ ಮೇಲೆ ಹಿಡಿತ ಇರಲಿ ಎನ್ನುತ್ತಾನೆ. ಹೇಳಬೇಡಿ ಅಂತ ನಾನೂ ಅಂದಿಲ್ಲ.

ನಿಮ್ಮ ತಾತನ ವಿಷಯ ಮಾತ್ರ ಒಪ್ಪಿದೆ. ನಾನು ಅದನ್ನು ಯೋಚಿಸಿರಲಿಲ್ಲ. ನಮ್ಮ ತೋಟದ ಕೆಲಸದವರ ಲೈನ್ ಮನೆಗಳಲ್ಲೂ ಅದೇ ಕಥೆ. ಪುಸ್ತಕ ನನ್ನ ಕಪಾಟಿನಲ್ಲಿದೆ, ಕೇಳುವುದು ಯಾರು?

ಸಕಲೇಶಪುರದ_ಮಳೆ

ನಾನು ಬೌದ್ಧಳಲ್ಲ. ನಮ್ಮ ಮನೆಯಲ್ಲಿ ಇಷ್ಟಲಿಂಗ ಪೂಜೆ ಇದೆ, ಅದನ್ನು ಬಿಡುವ ಯೋಚನೆಯೂ ಇಲ್ಲ. ಕೇಳಿಸಿಕೊಳ್ಳುವವರ ಕಡೆಯಿಂದ ಒಂದು ಮಾತು ಇರಲಿ ಅಂತ ಬರೆಯುತ್ತಿದ್ದೇನೆ.

ಪಕ್ಕದ ಮನೆ ಆಂಟಿ ಬುದ್ಧನ ಭಕ್ತೆ (ಭಕ್ತೆ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಉಪಾಸಿಕೆ ಅನ್ನಬೇಕಂತೆ). ದಿನಾ ಬೆಳಿಗ್ಗೆ ಆರಕ್ಕೆ ವಾಟ್ಸ್ಆ್ಯಪ್‌ನಲ್ಲಿ ಕಮಲದ ಹೂವು, ಅದರ ಮೇಲೊಂದು ಬುದ್ಧನ ಮಾತು. ಸಿಟ್ಟು ಇಟ್ಟುಕೊಳ್ಳುವುದು ಅಂದರೆ ಬೇರೆಯವರ ಮೇಲೆ ಎಸೆಯಲು ಕೆಂಡ ಹಿಡಿದ ಹಾಗೆ ಎನ್ನುವುದು ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂತು. ನನಗೆ ಕೆಂಡಕ್ಕಿಂತ ಆ ಮೆಸೇಜಿನ ಮೇಲೇ ಸಿಟ್ಟು ಬಂದು ಮ್ಯೂಟ್ ಮಾಡಿದೆ.

ಅದೇ ಆಂಟಿ, ನಮ್ಮ ಅಮ್ಮ ಹಾಸಿಗೆ ಹಿಡಿದಾಗ ಎಂಟು ತಿಂಗಳು ದಿನಾ ಸಂಜೆ ಬಂದರು. ನಾನು ಕೆಲಸದಿಂದ ಬರುವಷ್ಟರಲ್ಲಿ ಅಮ್ಮನ ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಬೆನ್ನಿಗೆ ಪೌಡರ್ ಹಾಕಿ ಕೂತಿರುತ್ತಿದ್ದರು. ಧರ್ಮದ ಮಾತು ಒಂದೂ ಇಲ್ಲ. ಬಾಯಲ್ಲಿ ಏನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಅಮ್ಮನೇ ಕೇಳಿದರು, "ಏನೇ ಅದು ನೀನು ಗುನುಗೋದು, ನಂಗೂ ಹೇಳೇ." ಎಲ್ಲರೂ ಸುಖವಾಗಿರಲಿ, ಯಾರಿಗೂ ಭಯ ಬೇಡ, ಅಷ್ಟೇ ಅದರ ಅರ್ಥವಂತೆ. ಕೊನೆಯ ದಿನಗಳಲ್ಲಿ ಅಮ್ಮ ವಿಭೂತಿ ಹಚ್ಚಿಸಿಕೊಂಡೇ ಅದನ್ನೂ ಹೇಳಿಕೊಳ್ಳುತ್ತಿದ್ದರು.

ಮೆಸೇಜು ಈಗಲೂ ಮ್ಯೂಟೇ.

ರತ್ನಗಿರಿ_ರಸ್ತೆ (ಚಿಕ್ಕಮಗಳೂರು)

ಸಕಲೇಶಪುರದ ಮೇಡಂ, ಆ ಕೆಂಡದ ಮಾತು ಬುದ್ಧನದ್ದೇ ಅಲ್ಲ! ಅದನ್ನು ಹೋಲುವ ಮಾತು ಬುದ್ಧಘೋಷ ಎಂಬ ಪಂಡಿತರ ವಿಸುದ್ಧಿಮಗ್ಗ ಗ್ರಂಥದಲ್ಲಿದೆ. ಅದು 5ನೇ ಶತಮಾನದ್ದು. ಅಲ್ಲಿ ಕೆಂಡದ ಜೊತೆಗೆ ಹೇಲು ಕೂಡ ಇದೆ. ಬೇರೆಯವರಿಗೆ ಹೊಡೆಯಲು ಅದನ್ನು ಕೈಗೆ ತೆಗೆದುಕೊಂಡವನು ಮೊದಲು ತಾನೇ ನಾರುತ್ತಾನೆ ಅಂತ. ಕಮಲದ ಹೂವಿನ ಮೇಲೆ ಅದನ್ನು ಯಾರೂ ಹಾಕುವುದಿಲ್ಲ ನೋಡಿ. ಆಂಟಿಗೆ ಹೇಳಿ, ಒಂದು ನಗುವಾದರೂ ಬರಲಿ.

ನಿಮ್ಮ ಅಮ್ಮನ ವಿಷಯ ಓದಿ ನನಗೆ ಖುಜ್ಜುತ್ತರಾ ನೆನಪಾದಳು. ಕೌಶಾಂಬಿಯ ಸಾಮಾವತಿ ರಾಣಿಯ ದಾಸಿ, ಗೂನು ಬೆನ್ನಿನವಳು. ದಿನಾ ಹೂವು ತರಲು ಎಂಟು ನಾಣ್ಯ ಕೊಡುತ್ತಿದ್ದರು. ನಾಲ್ಕಕ್ಕೆ ಹೂವು ತಂದು ನಾಲ್ಕನ್ನು ತಾನು ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಹೂವಾಡಿಗನ ಮನೆಗೆ ಬುದ್ಧ ಊಟಕ್ಕೆ ಬಂದಿದ್ದ, ಇವಳೂ ನಿಂತು ಮಾತು ಕೇಳಿದಳು. ಆವತ್ತು ಎಂಟಕ್ಕೂ ಹೂವು ತಂದಳು. ಇವತ್ತೇನು ಇಷ್ಟೊಂದು ಹೂವು, ರಾಜರು ಜಾಸ್ತಿ ದುಡ್ಡು ಕೊಟ್ಟರಾ ಎಂದು ರಾಣಿ ಕೇಳಿದಳು. ಇವಳು ಕದಿಯುತ್ತಿದ್ದುದನ್ನು ಒಪ್ಪಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದಳು. ಹಾಗಾದರೆ ನೀನು ಕೇಳಿದ್ದನ್ನು ನಮಗೂ ಹೇಳು ಎಂದಳು ರಾಣಿ. ದಾಸಿ ಮೇಲೆ ಕೂತಳು, ರಾಣಿ ಮತ್ತು ಅವಳ 500 ಸಖಿಯರು ಕೆಳಗೆ ಕೂತರು. ಇತಿವುತ್ತಕ ಎಂಬ ಬೌದ್ಧ ಗ್ರಂಥದ 112 ಸುತ್ತಗಳು ನಮಗೆ ಉಳಿದು ಬಂದದ್ದು ಅವಳ ನೆನಪಿನಿಂದ ಎಂದು ಸಂಪ್ರದಾಯ ಹೇಳುತ್ತದೆ.

ಮೊದಲು ಬುಟ್ಟಿಯಲ್ಲಿ ಹೂವು ಜಾಸ್ತಿಯಾಯಿತು, ಆಮೇಲೆ ಪ್ರಶ್ನೆ ಬಂತು. ಹಾಸನದವರೇ, ನಿಮ್ಮ ಆಫೀಸಿನ ಮೇಡಂ ಕೇಳಿದ್ದೂ ಅದೇ ಪ್ರಶ್ನೆ. ಇವತ್ತೇನು ಇಷ್ಟೊಂದು ಹೂವು ಅಂತ. ನೀವು ವಾಕಿಂಗ್ ಅಂದಿರಿ!

ಒಂದು ಎಚ್ಚರಿಕೆ ಇದೆ. ನಾನು ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಗಳಲ್ಲಿ ಕೂತವನು. ಗೋಯೆಂಕಾಜಿಯೂ ಗೃಹಸ್ಥರೇ, 1969ರಿಂದ ಭಾರತದಲ್ಲಿ ಕಲಿಸಿದರು. ಅವರ ಗುರು ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು, ಕಚೇರಿಯಲ್ಲೇ ಧ್ಯಾನ ಕಲಿಸಿದವರು. ಆದರೂ ನಮ್ಮಂಥ ಹಳೇ ಸಾಧಕರಿಗೆ, ಅನುಭವ ಹೇಳಿ, ಶಿಬಿರದ ದಾರಿ ತೋರಿಸಿ, ಮನೆಯಲ್ಲಿ ನೀವೇ ಧ್ಯಾನ ಕಲಿಸಲು ಹೋಗಬೇಡಿ ಎನ್ನುತ್ತಾರೆ. ನನಗೆ ಅದು ಸರಿ ಎನ್ನಿಸುತ್ತದೆ. ದುಃಖದಲ್ಲಿರುವವರನ್ನು ಕೂರಿಸಿ ಕಣ್ಣು ಮುಚ್ಚಿಸಿದರೆ ಒಳಗಿನಿಂದ ಏನು ಎದ್ದು ಬರುತ್ತದೆ ಅಂತ ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಶೀಲದ ಬಗ್ಗೆ, ದಾನದ ಬಗ್ಗೆ, ನಿಮ್ಮ ಸಿಟ್ಟು ಹೇಗೆ ಕಡಿಮೆ ಆಯಿತು ಅನ್ನುವುದರ ಬಗ್ಗೆ ಮಾತಾಡಿ. ಅಲ್ಲಿಗೆ ನಿಲ್ಲಿಸಿ.

ಬೇಲೂರು_ಗೈಡ್

ನನ್ನ ಕಷ್ಟ ಬೇರೆ. ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿ ಒಂದು ಶ್ಲೋಕ ಇದೆಯಲ್ಲ, ಶೈವರು ಶಿವ ಎಂದು, ವೇದಾಂತಿಗಳು ಬ್ರಹ್ಮ ಎಂದು, ಬೌದ್ಧರು ಬುದ್ಧ ಎಂದು, ಜೈನರು ಅರ್ಹಂತ ಎಂದು ಪೂಜಿಸುವವನು ಈ ಕೇಶವನೇ ಅಂತ. ದಿನಕ್ಕೆ ಆರು ಸಲ ಅದನ್ನು ಬಾಯಿಪಾಠ ಹೇಳುತ್ತೇನೆ. ನಾನೇ ಪಂಚಶೀಲ ತೆಗೆದುಕೊಂಡವನು. ಬುದ್ಧ ದೇವರಲ್ಲ ಎಂದು ನಾಲಿಗೆ ತುದಿಗೆ ಬರುತ್ತದೆ. ನುಂಗುತ್ತೇನೆ. ಅವರು ಹೊಯ್ಸಳರ ಕಲ್ಲು ನೋಡಲು ದುಡ್ಡು ಕೊಟ್ಟಿದ್ದಾರೆ, ನನ್ನ ನಂಬಿಕೆ ಕೇಳಲು ಅಲ್ಲ. ಹೊರಗೆ ಬಂದು ಎಳನೀರು ಕುಡಿಯುವಾಗ ಯಾರಾದರೂ ತಾವಾಗಿ ಕೇಳಿದರೆ ಬಿಡುವುದಿಲ್ಲ. ಅರ್ಧ ಗಂಟೆ ಗ್ಯಾರಂಟಿ.

ಅರಸೀಕೆರೆ_ತೆಂಗು

ಎಲ್ಲರೂ ಕೊನೆಗೆ 'ಕೇಳಿದರೆ ಹೇಳು' ಅನ್ನುವಲ್ಲಿಗೇ ಬರುತ್ತಿದ್ದೀರಿ. ನಾನು ಒಪ್ಪುವುದಿಲ್ಲ, ಆದರೆ ಜಗಳವೂ ಇಲ್ಲ. ನಾವು ಭಾನುವಾರ ಸಂಜೆ ಹಟ್ಟಿಯ ಸಮುದಾಯ ಭವನದಲ್ಲಿ ಬುದ್ಧ ವಂದನೆ ಮಾಡುತ್ತೇವೆ. ಬಾಗಿಲು ತೆಗೆದಿರುತ್ತದೆ, ಮೈಕ್ ಇಲ್ಲ. ಮಕ್ಕಳಿಗೆ ಲೆಕ್ಕ, ಇಂಗ್ಲಿಷ್ ಹೇಳಿಕೊಡುತ್ತೇವೆ, ಕೊನೆಗೆ ಹತ್ತು ನಿಮಿಷ ಪಂಚಶೀಲ. ಯಾರೂ ಕೇಳಿರಲಿಲ್ಲ, ನಾವೇ ಶುರು ಮಾಡಿದ್ದು. ಕುಡಿತ ಬಿಟ್ಟವರು ಇಬ್ಬರಿದ್ದಾರೆ. ಒಬ್ಬ ಮತ್ತೆ ಶುರು ಮಾಡಿದ, ಅದನ್ನೂ ಹೇಳಬೇಕಲ್ಲ.

ಕಣದ_ಕಾಫಿ (ಮೂಡಿಗೆರೆ)

ತೆಂಗು ಅವರೇ, ಮಕ್ಕಳಿಗೆ ಹೇಳಿಕೊಡಲು ಏನು ಪುಸ್ತಕ ಬಳಸುತ್ತೀರಿ, ಮೆಸೇಜ್ ಮಾಡಿ. ಕೊಯ್ಲು ಮುಗಿದ ಮೇಲೆ ಲೈನ್ ಮನೆ ಹತ್ತಿರ ಒಂದು ಶೆಡ್ ಖಾಲಿ ಆಗುತ್ತದೆ.

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಆಫೀಸಿನ ಮೇಡಂಗೆ ಸೋಮವಾರ ಹೇಳಿದೆ, ವಾಕಿಂಗ್ ಅಂದಿದ್ದು ಸುಳ್ಳು ಅಂತ. "ಗೊತ್ತಿತ್ತು, ನಿಮ್ಮ ಹೊಟ್ಟೆ ನೋಡಿದರೆ ಗೊತ್ತಾಗಲ್ವಾ" ಅಂದು ನಕ್ಕರು. ಬಸ್ಸು ಬರುವ ತನಕ ಮಾತಾಡಿದೆವು. ಜಾಸ್ತಿ ಅವರೇ ಮಾತಾಡಿದರು. ಗಂಡನ ಷರ್ಟುಗಳನ್ನು ಇನ್ನೂ ಬೀರುವಿನಿಂದ ತೆಗೆದಿಲ್ಲವಂತೆ. ನಾನು ಏನೂ ಉಪದೇಶ ಮಾಡಲಿಲ್ಲ. ಬೆಳಿಗ್ಗೆ ಕೂರುತ್ತೇನೆ, ಮೊದಲ ಆರು ತಿಂಗಳು ಬರೀ ನಿದ್ದೆ ಬರುತ್ತಿತ್ತು ಅಂದೆ. ಪುಸ್ತಕ ಇದ್ದರೆ ಕೊಡಿ ಎಂದಿದ್ದಾರೆ.

ಭಾನುವಾರ ಊರಿಗೆ ಹೋಗಿದ್ದೆ. ಅಣ್ಣ ನನ್ನನ್ನು ನೋಡಿ ಗದ್ದೆ ಕಡೆ ಹೋದ. ಅತ್ತಿಗೆ ಜಗಲಿ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಆವತ್ತು ತಪ್ಪಾಯಿತು ಅತ್ತಿಗೆ ಅಂದೆ. ಏನೂ ಹೇಳಲಿಲ್ಲ, ಇನ್ನೊಂದು ಸುತ್ತಿಗೆ ನನ್ನ ಕಡೆ ತಳ್ಳಿದರು. ಇಬ್ಬರೂ ಒಂದು ಮೊರ ಮುಗಿಸಿದೆವು. ಆಮೇಲೆ ತಲೆ ಎತ್ತದೆ ಕೇಳಿದರು.

"ಬೆಳಿಗ್ಗೆ ಅರ್ಧ ಗಂಟೆ ಕೂರ್ತೀಯಂತಲ್ಲ, ಮಂಡಿ ನೋಯಲ್ವಾ?"

"ನೋಯುತ್ತೆ ಅತ್ತಿಗೆ."

"ಹೂಂ" ಎಂದರು. ಇನ್ನೊಂದು ಮೊರ ತಂದಿಟ್ಟರು.